ಕಣ್ಣು ಮುಚ್ಚಿ ಕಾಣುವ ಗುರಿ

ಭಾನುವಾರದ ಮುಂಜಾನೆ. ಅಮೆರಿಕದ ಒಂದು ಸಣ್ಣ ಊರಿನ ಹೊರಗೆ, ಮೂರು ದಿಕ್ಕಿನಲ್ಲಿಯೂ ಎತ್ತರವಾದ ಮಣ್ಣಿನ ದಿಬ್ಬಗಳಿರುವ ಬಯಲು. ಅದರ ನಡುವೆ ಮರದ ಚೌಕಟ್ಟು, ಜಾಲರಿ ಮತ್ತು ಹಳೆಯ ಪೀಪಾಯಿಗಳಿಂದ ಹೂಡಿದ, ಮಾಡಿಲ್ಲದ ಮನೆಯಂಥ ಒಂದು ರಚನೆ. ಅದರ ಕಿಟಕಿ ಬಾಗಿಲುಗಳ ನಡುವೆ ಹನ್ನೆರಡು ಮಂದಿ ಸುಳಿದಾಡುತ್ತಿದ್ದಾರೆ. ಒಬ್ಬ ಯುವಕನು ಕಿಟಕಿಯ ಎದುರು ನಿಂತು, ಬರಿಗೈಯ ತೋರುಬೆರಳನ್ನು ಗಾಳಿಯತ್ತ ಚಾಚಿ, ‘ಒಂದು, ಎರಡು, ಒಂದು, ಎರಡು’ ಎಂದು ಗೊಣಗುತ್ತಿದ್ದಾನೆ. ನರೆಗೂದಲಿನ ಮಹಿಳೆಯೊಬ್ಬರು ಕಣ್ಣು ಮುಚ್ಚಿ, ಮನಸ್ಸಿನಲ್ಲಿಯೇ ತಾಳ ಹಾಕುವವರಂತೆ ತಲೆಯಾಡಿಸುತ್ತ ನಿಂತಿದ್ದಾರೆ. ಮತ್ತೊಬ್ಬನು ಎರಡು ಹೆಜ್ಜೆ ಮುಂದಿಟ್ಟು, ಒಂದು ಹೆಜ್ಜೆ ಹಿಂದಿಟ್ಟು, ಸೊಂಟ ಬಾಗಿಸಿ ಮೂಲೆಯಿಂದ ಇಣುಕಿ, ಏನನ್ನೋ ಕಂಡುಕೊಂಡವನಂತೆ ಮುಗುಳ್ನಗುತ್ತಾನೆ. ಯಾರೂ ಯಾರೊಡನೆಯೂ ಮಾತನಾಡುವುದಿಲ್ಲ. ದಾರಿಹೋಕನು ಕಂಡರೆ, ಇದೇನು ಮೂಕನಾಟಕದ ಅಭ್ಯಾಸವೋ, ಇಲ್ಲವೆ ಬುದ್ಧಿ ಕದಡಿದವರ ಕೂಟವೋ ಎಂದು ಬೆರಗಾಗಬೇಕು.

ಎರಡೂ ಅಲ್ಲ. ಇವರು ಪಿಸ್ತೂಲಿನ ಸ್ಪರ್ಧೆಗೆ ಬಂದವರು. ಇನ್ನು ಕೆಲವು ನಿಮಿಷಗಳಲ್ಲಿ ಇವರು ಒಬ್ಬೊಬ್ಬರಾಗಿ ಈ ಬೊಂಬೆಮನೆಯ ಮೂಲೆಮೂಲೆಗೂ ಓಡಿ, ಅಲ್ಲಲ್ಲಿ ನಿಲ್ಲಿಸಿರುವ ರಟ್ಟಿನ ಗುರಿಹಲಗೆಗಳಿಗೆ ಗುಂಡು ಹೊಡೆಯುತ್ತಾರೆ. ಆ ಓಟವು ಇಪ್ಪತ್ತು ಇಪ್ಪತ್ತೈದು ಸೆಕೆಂಡುಗಳಲ್ಲಿ ಮುಗಿದೇಹೋಗುತ್ತದೆ. ಆದರೆ ಸೋಲು ಗೆಲುವುಗಳ ಬಹುಭಾಗ ತೀರ್ಮಾನವಾಗುವುದು ಆ ಸೆಕೆಂಡುಗಳಲ್ಲಿ ಅಲ್ಲ. ಬರಿಗೈಯಲ್ಲಿ ಅಡ್ಡಾಡುವ ಈ ಐದು ನಿಮಿಷಗಳಲ್ಲಿ. ಹೊಸಬನಿಗೆ ಎಲ್ಲಕ್ಕಿಂತ ತಡವಾಗಿ ತಿಳಿಯುವ ಸಂಗತಿಯೂ ಇದೇ.

ನಿಂತ ಗುರಿ, ಓಡುವ ಗುರಿಕಾರ

ಗುರಿಯ ಪಂದ್ಯವೆಂದೊಡನೆ ನಮ್ಮ ನಾಡಿನವರ ಕಣ್ಣಿಗೆ ಕಟ್ಟುವ ಚಿತ್ರ ಬೇರೆ. ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬದಂದು ಕೋವಿಗೆ ಪೂಜೆ ಸಲ್ಲಿಸಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುತ್ತಾರೆ. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು ೨೦೧೬ರಲ್ಲಿ ರಿಯೊ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದ್ದು, ಮನು ಭಾಕರ್ ಅವರು ೨೦೨೪ರಲ್ಲಿ ಪ್ಯಾರಿಸಿನಲ್ಲಿ ಎರಡು ಕಂಚಿನ ಪದಕಗಳನ್ನು ಪಡೆದದ್ದು, ಇವೆಲ್ಲವೂ ಗುರಿಯೂ ನಿಂತಿರುವ, ಗುರಿಕಾರನೂ ನಿಂತಿರುವ ಪಂದ್ಯಗಳಲ್ಲಿ. ಅಲ್ಲಿ ಉಸಿರನ್ನು ಬಿಗಿಹಿಡಿದು, ಮೈಯನ್ನು ಕಂಬದಂತೆ ನಿಲ್ಲಿಸುವುದೇ ಸಾಧನೆ.

‘ಪ್ರ್ಯಾಕ್ಟಿಕಲ್ ಷೂಟಿಂಗ್’ ಎಂಬ ಈ ಆಟದ ಹುಟ್ಟು ಬೇರೆಯೇ ಬಗೆಯದು. ೧೯೫೦ರ ದಶಕದ ಉತ್ತರಾರ್ಧದಲ್ಲಿ ಕ್ಯಾಲಿಫೋರ್ನಿಯದ ಬಿಗ್ ಬೇರ್ ಎಂಬ ಬೆಟ್ಟದೂರಿನಲ್ಲಿ ಜೆಫ್ ಕೂಪರ್ ಎಂಬ ಮಾಜಿ ಸೇನಾಧಿಕಾರಿಯು ಒಂದು ಪಂದ್ಯವನ್ನು ಏರ್ಪಡಿಸಿದನು. ಸೊಂಟದ ಒರೆಯಿಂದ ಪಿಸ್ತೂಲನ್ನು ಸೆಳೆದು ಗುರಿಯನ್ನು ಹೊಡೆಯುವುದು ಪಂದ್ಯ. ಬಂದವರಲ್ಲಿ ಅನೇಕರು ಚಲಚ್ಚಿತ್ರದ ವೀರರಂತೆ ಸೊಂಟದ ಮಟ್ಟದಿಂದಲೇ ಮಿಂಚಿನ ವೇಗದಲ್ಲಿ ಹೊಡೆದರು, ಗುರಿ ತಪ್ಪಿದರು. ಆಗ ಷೆರೀಫನ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಜ್ಯಾಕ್ ವೀವರ್ ಎಂಬಾತನು ಎರಡು ಕೈಗಳಿಂದಲೂ ಪಿಸ್ತೂಲನ್ನು ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ನೋಡಿ ಹೊಡೆಯುವ ಕ್ರಮವನ್ನು ಹಿಡಿದನು. ಉಳಿದವರಿಗಿಂತ ಒಂದು ಕ್ಷಣ ತಡವಾದರೂ ಅವನ ಗುಂಡು ನಾಟುತ್ತಿತ್ತು. ಅವನು ಗೆದ್ದನು. ತಪ್ಪಿದ ಗುಂಡು ಎಷ್ಟು ಬೇಗ ಹಾರಿದರೇನು? ಈ ಆಟದ ಮೊದಲನೆಯ ಪಾಠ ಅಲ್ಲಿಯೇ ಹುಟ್ಟಿತು.

೧೯೭೬ರಲ್ಲಿ ಮಿಸೌರಿ ಸಂಸ್ಥಾನದ ಕೊಲಂಬಿಯದಲ್ಲಿ ಹಲವು ದೇಶದವರು ಸೇರಿ ಅಂತರರಾಷ್ಟ್ರೀಯ ಒಕ್ಕೂಟವೊಂದನ್ನು ಸ್ಥಾಪಿಸಿದರು. ಕೂಪರನೇ ಅದರ ಮೊದಲ ಅಧ್ಯಕ್ಷ. ನಿಖರತೆ, ಬಲ, ವೇಗ ಎಂಬ ಅರ್ಥದ ಮೂರು ಲ್ಯಾಟಿನ್ ಪದಗಳು ಅದರ ಧ್ಯೇಯವಾಕ್ಯವಾದವು. ಅಮೆರಿಕದ ಶಾಖೆಯು ೧೯೮೪ರಲ್ಲಿ ನೋಂದಣಿಯಾಯಿತು. ಯುವಕರು, ಮಹಿಳೆಯರು, ಅರವತ್ತು ದಾಟಿದ ಹಿರಿಯರು ಎಲ್ಲರೂ ಒಂದೇ ಅಂಗಳದಲ್ಲಿ ಸ್ಪರ್ಧಿಸುವುದು ಈ ಆಟದ ಒಂದು ವೈಶಿಷ್ಟ್ಯ.

ಇನ್ನೊಂದು ವೈಶಿಷ್ಟ್ಯ ಅದಕ್ಕಿಂತ ಮುಖ್ಯವಾದುದು. ಇಲ್ಲಿ ಒಂದು ‘ಸ್ಟೇಜ್’ ಇದ್ದಂತೆ ಇನ್ನೊಂದಿರುವುದಿಲ್ಲ. ಗುರಿಹಲಗೆಗಳನ್ನು ಎಲ್ಲಿ ನಿಲ್ಲಿಸಬೇಕು, ಗೋಡೆಗಳನ್ನು ಎಲ್ಲಿ ಹೂಡಬೇಕು ಎಂಬುದು ಪಂದ್ಯ ನಡೆಸುವವರ ಇಚ್ಛೆ. ಯಾವ ಕಿಟಕಿಗೆ ಮೊದಲು ಹೋಗಬೇಕು, ಯಾವ ಗುರಿಯನ್ನು ಎಲ್ಲಿಂದ ಹೊಡೆಯಬೇಕು ಎಂಬುದು ಸ್ಪರ್ಧಿಯ ಇಚ್ಛೆ. ಒಗಟನ್ನು ಅವರು ಒಡ್ಡುತ್ತಾರೆ. ಬಿಡಿಸುವ ದಾರಿಯನ್ನು ಇವನೇ ಹುಡುಕಿಕೊಳ್ಳಬೇಕು. ಆ ದಾರಿಯನ್ನು ಹುಡುಕುವುದಕ್ಕಾಗಿಯೇ ಆ ಐದು ನಿಮಿಷಗಳ ಪರಿಶೀಲನೆ. ಆಗ ಪಿಸ್ತೂಲು ಬರಿದಾಗಿ ಒರೆಯಲ್ಲಿಯೇ ಇರಬೇಕು. ಅಧಿಕಾರಿಯ ಅಪ್ಪಣೆಯಿಲ್ಲದೆ ಅದನ್ನು ಮುಟ್ಟಿದವನು ಪಂದ್ಯದಿಂದ ಹೊರಗೆ. ಆದುದರಿಂದಲೇ ಬರಿಯ ಬೆರಳಿನ ಆ ನಾಟಕ.

ಸೆಕೆಂಡಿಗೆ ಎಷ್ಟು ಅಂಕ?

ರಟ್ಟಿನ ಪ್ರತಿಯೊಂದು ಗುರಿಹಲಗೆಗೂ ಎರಡು ಗುಂಡುಗಳು ನಾಟಬೇಕು. ನಡುವಣ ವಲಯಕ್ಕೆ ತಗುಲಿದರೆ ೫ ಅಂಕ, ಅದರಾಚೆಯ ವಲಯಕ್ಕೆ, ಕಡಿಮೆ ಬಲದ ಗುಂಡಾದರೆ ೩, ಅಂಚಿಗೆ ೧. ಉಕ್ಕಿನ ಫಲಕವಾದರೆ ಅದು ಬೀಳಬೇಕು. ಬಿದ್ದರೆ ೫ ಅಂಕ. ನಾಟದೆ ಹೋದ ಒಂದೊಂದು ಗುಂಡಿಗೂ ೧೦ ಅಂಕದ ದಂಡ. ಹೊಡೆಯಕೂಡದೆಂದು ನಿಲ್ಲಿಸಿರುವ ಬಿಳಿಯ ಹಲಗೆಗೆ ತಗುಲಿದರೂ ೧೦ ಅಂಕದ ದಂಡ. ಕೊನೆಗೆ ಬಂದ ಒಟ್ಟು ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಆ ಭಾಗಲಬ್ಧಕ್ಕೆ ‘ಹಿಟ್ ಫ್ಯಾಕ್ಟರ್’ ಎಂದು ಹೆಸರು. ಒಂದು ವರ್ಗದಲ್ಲಿ ಯಾರ ಲಬ್ಧ ಹೆಚ್ಚೋ ಅವರಿಗೆ ಆ ಸ್ಟೇಜಿನ ಪೂರ್ಣಾಂಕ. ಉಳಿದವರಿಗೆ ಅದರ ಪ್ರಮಾಣದಲ್ಲಿ ಪಾಲು.

ವೇಗವಿದ್ದು ನಿಖರತೆಯಿಲ್ಲದವನೂ, ನಿಖರತೆಯಿದ್ದು ವೇಗವಿಲ್ಲದವನೂ ಇಲ್ಲಿ ಗೆಲ್ಲಲಾರರು. ಅಷ್ಟೇ ಅಲ್ಲ, ನೆನಪಿಲ್ಲದವನಂತೂ ಎರಡನ್ನೂ ಕಳೆದುಕೊಳ್ಳುತ್ತಾನೆ. ಒಂದು ಗುರಿಹಲಗೆಯನ್ನು ಹೊಡೆಯುವುದನ್ನೇ ಮರೆತನೆನ್ನಿ. ಬರಬಹುದಾಗಿದ್ದ ೧೦ ಅಂಕಗಳು ಹೋದವು. ನಾಟದ ಎರಡು ಗುಂಡುಗಳಿಗೆ ೨೦ ದಂಡ. ಗುರಿಯನ್ನು ಬಿಟ್ಟುಬಿಟ್ಟ ತಪ್ಪಿಗೆ ಮತ್ತೆ ೧೦. ಒಟ್ಟು ೪೦ ಅಂಕ! ಸೆಕೆಂಡಿಗೆ ೪ ಅಂಕ ಗಳಿಸುವ ಸಾಮಾನ್ಯ ಸ್ಪರ್ಧಿಗೆ ಇದು ಹತ್ತು ಸೆಕೆಂಡುಗಳ ದುಡಿಮೆ. ಹತ್ತು ಸೆಕೆಂಡು ಬೇಗ ಓಡುವುದು ಯಾವ ವ್ಯಾಯಾಮದಿಂದಲೂ ಸಾಧ್ಯವಿಲ್ಲ. ಆದರೆ ಮರೆಯದೆ ಇರುವುದು ಯಾರಿಗಾದರೂ ಸಾಧ್ಯ.

ಲೆಕ್ಕಿಗನ ಲೆಕ್ಕ ತಪ್ಪಿತು

ಪ್ರತಿಯೊಂದು ಕ್ಲಬ್ಬಿಗೂ ಪ್ರತಿವರ್ಷವೂ ಬರುವಂಥ ಒಬ್ಬ ಹೊಸಬನನ್ನು ಓದುಗರು ಕಲ್ಪಿಸಿಕೊಳ್ಳಬಹುದು. ವಯಸ್ಸು ನಲವತ್ತು ದಾಟಿದೆ. ವಾರದ ಐದು ದಿನ ಯಾವುದೋ ಕಚೇರಿಯಲ್ಲಿ ಲೆಕ್ಕಪತ್ರ ಬರೆಯುವ ಗೃಹಸ್ಥ. ಒಂದು ವರ್ಷ ಕಾಲ ನಿಂತ ಗುರಿಗೆ ನಿಂತು ಹೊಡೆದು ಕೈ ಪಳಗಿದೆ. ಇದು ಅವನ ಮೊದಲನೆಯ ಪಂದ್ಯ.

ಅಂದಿನ ಸ್ಟೇಜಿನಲ್ಲಿ ಹನ್ನೊಂದು ರಟ್ಟಿನ ಗುರಿಗಳು, ಎರಡು ಉಕ್ಕಿನ ಫಲಕಗಳು. ಒಟ್ಟು ೨೪ ಗುಂಡುಗಳ ಕೆಲಸ, ೧೨೦ ಪೂರ್ಣಾಂಕ. ಎಡಗಡೆಯ ಕಿಟಕಿಯಿಂದ ಮೂರು ರಟ್ಟುಗಳು. ನಡುವಣ ಗಿಡ್ಡಗೋಡೆಯ ಮೇಲಿನಿಂದ ಎರಡು ರಟ್ಟು, ಎರಡು ಉಕ್ಕು; ಮೊದಲನೆಯ ಉಕ್ಕು ಬಿದ್ದಾಗ ಒಂದು ರಟ್ಟು ಗಡಿಯಾರದ ಲೋಲಕದಂತೆ ತೂಗಾಡಲಾರಂಭಿಸುತ್ತದೆ. ಬಲಗಡೆಯ ಬಾಗಿಲಿನಿಂದ ಮೂರು. ಮುಂದಿನ ತುದಿಯಿಂದ ಕೊನೆಯ ಮೂರು.

ಹೊಸಬನು ಐದು ನಿಮಿಷಗಳನ್ನು ಹೇಗೆ ಕಳೆದನು? ತಂಡದಲ್ಲಿ ಅತ್ಯಂತ ಚುರುಕಾಗಿದ್ದ ಯುವಕನ ಬೆನ್ನು ಹತ್ತಿ, ಅವನು ನಿಂತಲ್ಲಿ ನಿಂತು, ಅವನು ಬೆರಳು ಚಾಚಿದ ಕಡೆಗೆ ತಾನೂ ಚಾಚಿದನು. ಬಲ್ಲವನ ದಾರಿಯನ್ನು ಹಿಡಿದರೆ ತಪ್ಪೇನು ಎಂಬುದು ಅವನ ಎಣಿಕೆ. ಆದರೆ ಆ ಯುವಕನು ಸ್ಪರ್ಧಿಸುತ್ತಿದ್ದ ವರ್ಗವೇ ಬೇರೆ. ಅವನ ಮ್ಯಾಗಜೀನ್, ಎಂದರೆ ಪಿಸ್ತೂಲಿನ ಹಿಡಿಯೊಳಗೆ ಸೇರುವ ಗುಂಡಿನ ಡಬ್ಬಿ, ಇಡೀ ಸ್ಟೇಜಿಗೆ ಸಾಕಾಗುವಷ್ಟು ಉದ್ದವಾದುದು. ಹೊಸಬನ ಡಬ್ಬಿಗೆ ಹತ್ತು ಗುಂಡುಗಳ ಮಿತಿ. ನಳಿಗೆಯಲ್ಲಿ ಮೊದಲೇ ಇರುವ ಒಂದು ಸೇರಿ ಹನ್ನೊಂದು. ಎಡಗಿಟಕಿಯ ಮೂರನೆಯ ಗುರಿಯನ್ನು ಆ ಯುವಕನು ಕಿಟಕಿಯಲ್ಲಿ ನಿಂತು ಹೊಡೆಯದೆ, ಓಡುತ್ತಲೇ ಜಾಲರಿಯ ಸಂದಿನಿಂದ ಹೊಡೆಯುವವನಿದ್ದನು. ಇದು ಹೊಸಬನಿಗೆ ತಿಳಿಯಲೇ ಇಲ್ಲ.

ಸರದಿ ಬಂದಿತು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ‘ಮೇಕ್ ರೆಡಿ’ ಎಂದನು ರೇಂಜ್ ಆಫೀಸರು. ಹೊಸಬನು ಗುಂಡು ತುಂಬಿ ಪಿಸ್ತೂಲನ್ನು ಒರೆಗೆ ಸೇರಿಸಿದನು. ‘ಆರ್ ಯು ರೆಡಿ?’ ‘ಸ್ಟ್ಯಾಂಡ್ ಬೈ.’ ಒಂದರಿಂದ ನಾಲ್ಕು ಸೆಕೆಂಡುಗಳ ಮೌನ. ಕೈಗಡಿಯಾರಕ್ಕಿಂತ ತುಸು ದೊಡ್ಡದಾದ ಯಂತ್ರವು ‘ಬೀಪ್’ ಎಂದು ಕೂಗಿತು.

ಆ ಕೂಗಿನೊಡನೆ ಅವನ ತಲೆಯೊಳಗಿದ್ದುದೆಲ್ಲ ಒರೆಸಿದ ಹಲಗೆಯಂತೆ ಬರಿದಾಯಿತು. ಎಡಗಿಟಕಿಯಲ್ಲಿ ಎರಡು ಗುರಿಗಳು ಕಂಡವು, ಹೊಡೆದನು. ಗಿಡ್ಡಗೋಡೆಗೆ ಓಡಿದನು. ಉಕ್ಕು ಮೂರನೆಯ ಹೊಡೆತಕ್ಕೆ ಬಿದ್ದಿತು. ತೂಗಾಡುವ ಗುರಿಗೆ ಎರಡು, ಪಕ್ಕದ್ದಕ್ಕೆ ಎರಡು. ಎರಡನೆಯ ಉಕ್ಕಿನ ಎದುರು ಪಿಸ್ತೂಲು ಬರಿದಾಗಿ ಬಾಯಿ ತೆರೆದು ನಿಂತಿತು. ನಿಂತಲ್ಲಿಯೇ ತಡವರಿಸುತ್ತ ಡಬ್ಬಿ ಬದಲಾಯಿಸಿದನು. ಬಲಬಾಗಿಲಿನ ಕೆಲಸ ಮುಗಿಸಿ ಮುಂದಕ್ಕೆ ಹೊರಟವನಿಗೆ ಥಟ್ಟನೆ ಹೊಳೆಯಿತು: ಎಡಗಡೆ ಒಂದು ಗುರಿ ಉಳಿದಿದೆಯಲ್ಲ! ಪಿಸ್ತೂಲನ್ನು ಹಿಡಿದಂತೆಯೇ ಎಡಕ್ಕೆ ತಿರುಗಿದನು.

‘ಮಝಲ್!’

ಅಧಿಕಾರಿಯ ಗದರಿಕೆ ಸಿಡಿಲಿನಂತೆ ಬಿದ್ದಿತು. ನಳಿಗೆಯ ಬಾಯಿಯು ಯಾವಾಗಲೂ ಮುಂದಿನ ದಿಬ್ಬದ ಕಡೆಗೇ ಇರಬೇಕು; ಸ್ಪರ್ಧಿಯ ಎಡಬಲಕ್ಕೆ ಎಳೆದ ಒಂದು ಕಾಣದ ಗೆರೆಯನ್ನು ದಾಟಿ ಹಿಂದಕ್ಕೆ ತಿರುಗಿದರೆ, ಅಂದಿನ ಪಂದ್ಯ ಅವನಿಗೆ ಅಲ್ಲಿಗೆ ಮುಗಿಯಿತು. ಹಿಂದೆ ಇರುವವರು ತಂಡದವರು, ಅವರ ಹೆಂಡಿರು ಮಕ್ಕಳು. ಗೇಣು ಅಂತರದಲ್ಲಿ ಅವನ ಕೈ ನಿಂತಿತು. ಬೆವರು ಕಣ್ಣಿಗಿಳಿಯಿತು. ಹೇಗೋ ಮುಂದಿನ ತುದಿಗೆ ಹೋಗಿ, ನಡುವೆ ಮತ್ತೊಮ್ಮೆ ಪಿಸ್ತೂಲು ಬರಿದಾಗಿ, ಮೂವತ್ತೆಂಟು ಸೆಕೆಂಡುಗಳಲ್ಲಿ ಮುಗಿಸಿದನು.

ಗಳಿಸಿದ ಅಂಕ ೮೨. ತಪ್ಪಿದ ಎರಡು ಗುಂಡು, ಮರೆತ ಒಂದು ಗುರಿ, ಎಲ್ಲಕ್ಕೂ ಸೇರಿ ದಂಡ ೫೦. ಉಳಿದದ್ದು ೩೨. ಅದನ್ನು ೩೮ರಿಂದ ಭಾಗಿಸಿದರೆ ಒಂದು ಕೂಡ ಬರಲಿಲ್ಲ, ೦.೮೪. ಅವನದೇ ವರ್ಗದ ಒಳ್ಳೆಯ ಸ್ಪರ್ಧಿಯೊಬ್ಬನು ೧೦೮ ಅಂಕಗಳನ್ನು ಹದಿಮೂರುವರೆ ಸೆಕೆಂಡುಗಳಲ್ಲಿ ಗಳಿಸಿ ೮ರ ಲಬ್ಧ ಪಡೆದಿದ್ದನು. ಹಗಲಿರುಳು ಜಮಾಖರ್ಚು ತಾಳೆ ನೋಡುವವನಿಗೆ ಹನ್ನೊಂದು ರಟ್ಟುಗಳನ್ನು ಎಣಿಸಲಾಗಲಿಲ್ಲವಲ್ಲ ಎಂಬ ನಾಚಿಕೆ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಅವನನ್ನು ಕೊರೆದದ್ದು ಆ ಒಂದು ಗೇಣು. ಅಭಿಮನ್ಯುವಿಗೆ ಚಕ್ರವ್ಯೂಹದ ಒಳದಾರಿ ಗೊತ್ತಿತ್ತು, ಹೊರದಾರಿ ಗೊತ್ತಿರಲಿಲ್ಲ. ಅರ್ಧ ದಾರಿಯನ್ನಷ್ಟೇ ಬಲ್ಲವನು ತುಂಬಿದ ಪಿಸ್ತೂಲನ್ನು ಹಿಡಿದು ಓಡಿದರೆ ಆಪತ್ತು ಅವನೊಬ್ಬನಿಗೆ ಮಾತ್ರವಲ್ಲ. ಯೋಜನೆಯಿಲ್ಲದ ಸ್ಪರ್ಧಿಯು ನಿಧಾನಿ ಮಾತ್ರವಲ್ಲ, ಅಪಾಯಕಾರಿಯೂ ಹೌದು.

ನರೆಗೂದಲಿನ ಗುರು

ಈ ಆಟದಲ್ಲಿ ಒಂದು ಒಳ್ಳೆಯ ಪದ್ಧತಿಯುಂಟು. ಒಬ್ಬರು ಹೊಡೆದು ಮುಗಿಸಿದ ಮೇಲೆ ಉಳಿದವರೆಲ್ಲರೂ ಮುಂದೆ ಹೋಗಿ ರಟ್ಟಿನ ತೂತುಗಳಿಗೆ ಕಾಗದದ ತುಣುಕು ಅಂಟಿಸಿ, ಬಿದ್ದ ಉಕ್ಕುಗಳನ್ನು ಎತ್ತಿ ನಿಲ್ಲಿಸಬೇಕು. ಹೊಸಬನು ತಲೆ ತಗ್ಗಿಸಿ ಅಂಟಿಸುತ್ತಿದ್ದಾಗ, ಬೆಳಗ್ಗೆ ಕಣ್ಣು ಮುಚ್ಚಿ ನಿಂತಿದ್ದ ಹಿರಿಯ ಮಹಿಳೆ ಪಕ್ಕಕ್ಕೆ ಬಂದರು. ಓಟದಲ್ಲಿ ಅವರು ಯಾರಿಗೂ ಸಮರಲ್ಲ. ಆದರೆ ಅವರ ಹಲಗೆಗಳಲ್ಲಿ ತಪ್ಪಿದ ಗುಂಡು ಅಪರೂಪ.

“ನೀವು ಮರೆತದ್ದು ಇದೇ ಗುರಿಯನ್ನಲ್ಲವೆ? ಇಲ್ಲಿ ನಿಂತು ಹಿಂದಿರುಗಿ ನೋಡಿ. ಎಡಗಿಟಕಿ ಕಾಣುತ್ತದೆಯೆ?”

ಕಾಣುತ್ತಿತ್ತು, ಕಿಟಕಿಯ ಬಲ ಅಂಚು, ಅಂಗೈಯಗಲದಷ್ಟು.

“ಗುರಿಗೆ ಕಿಟಕಿ ಕಂಡರೆ ಕಿಟಕಿಗೂ ಗುರಿ ಕಾಣಬೇಕು. ಮುಂದಿನ ಸಲ ಕಿಟಕಿಯಿಂದ ಗುರಿಯನ್ನು ಹುಡುಕಬೇಡಿ. ಗುರಿಯಿಂದ ಕಿಟಕಿಯನ್ನು ಹುಡುಕಿ.”

ಹೀಗೆ ಆರಂಭವಾಯಿತು ಪಾಠ. ಅವರು ಕಲಿಸಿದ ಕ್ರಮ ಈ ಆಟದ ಹಳಬರೆಲ್ಲರಿಗೂ ಗೊತ್ತಿರುವುದೇ. ಆದರೆ ಹೊಸಬನಿಗೆ ಒಂದೊಂದೂ ಕಣ್ತೆರೆಸಿದ ಮಾತು.

ಮೊದಲನೆಯದು ಎಣಿಕೆ. ಸ್ಟೇಜಿನ ವಿವರಣಾ ಪತ್ರದಲ್ಲಿ ಎಷ್ಟು ಗುಂಡುಗಳ ಕೆಲಸವೆಂದು ಬರೆದಿರುತ್ತದೆ. ಸ್ಪರ್ಧಿಯು ತಾನೇ ನಡೆದು ಎಣಿಸಿದ ಲೆಕ್ಕವು ಅದರೊಡನೆ ತಾಳೆಯಾಗಬೇಕು. ಕಡಿಮೆ ಬಂದರೆ ಒಂದು ಗುರಿ ಎಲ್ಲಿಯೋ ಅಡಗಿದೆ. ಹೆಚ್ಚು ಬಂದರೆ ಒಂದೇ ಗುರಿಯನ್ನು ಎರಡು ಕಿಟಕಿಗಳಿಂದ ನೋಡಿ ಎರಡೆಂದು ಭ್ರಮಿಸಿದ್ದಾನೆ. ತಾಳೆಯಾಗುವವರೆಗೆ ಮುಂದಿನ ಆಲೋಚನೆ ಕೂಡದು.

ಎರಡನೆಯದು ನಿಲ್ಲುವ ಜಾಗಗಳು. ಯಾವ ಗುರಿಯು ಎಲ್ಲೆಲ್ಲಿಂದ ಕಾಣುತ್ತದೆ? ಕೆಲವು ಒಂದೇ ಕಡೆಯಿಂದ ಕಾಣುವಂಥವು. ಅವುಗಳಿಗಾಗಿ ಆ ಜಾಗಕ್ಕೆ ಹೋಗಲೇಬೇಕು. ಹೋದ ಮೇಲೆ ಅಲ್ಲಿಂದ ಕಾಣುವ ಉಳಿದವನ್ನೂ ಮುಗಿಸಿದರೆ ನಿಲುಗಡೆಗಳು ಕಡಿಮೆಯಾಗುತ್ತವೆ.

ಮೂರನೆಯದು ಸಾಗುವ ದಿಕ್ಕು. ಬಲಗೈಯವನು ಡಬ್ಬಿ ಬದಲಾಯಿಸುವಾಗ ಪಿಸ್ತೂಲಿನ ಬಾಯಿ ಸಹಜವಾಗಿ ಅವನ ಎಡಕ್ಕೆ ಹೊರಳುತ್ತದೆ. ಅವನು ಎಡದಿಂದ ಬಲಕ್ಕೆ ಓಡುತ್ತಿದ್ದರೆ ಆ ಹೊರಳು ದಿಬ್ಬದ ಕಡೆಗೆ. ಬಲದಿಂದ ಎಡಕ್ಕೆ ಓಡುತ್ತಿದ್ದರೆ ಜನರ ಕಡೆಗೆ. ಆದಕಾರಣ ಹೊಸಬನು ಸಾಧ್ಯವಾದ ಮಟ್ಟಿಗೆ ಎಡದಿಂದ ಬಲಕ್ಕೆ ಸಾಗುವ ಯೋಜನೆಯನ್ನೇ ಆರಿಸಿಕೊಳ್ಳಬೇಕು. ಅರ್ಧ ಸೆಕೆಂಡು ಹೋದರೂ ಚಿಂತೆಯಿಲ್ಲ.

ನಾಲ್ಕನೆಯದು ಡಬ್ಬಿ ಬದಲಾಯಿಸುವ ಜಾಗ. ಇಲ್ಲಿ ಲೆಕ್ಕಿಗನ ಮನಸ್ಸು ತಕರಾರು ಮಾಡಿತು. ಎಡಗಿಟಕಿಯಲ್ಲಿ ಆರು ಗುಂಡು ಖರ್ಚಾದರೆ ಇನ್ನೂ ಐದು ಉಳಿದಿರುತ್ತವೆ; ಅವನ್ನು ಬಳಸದೆ ಡಬ್ಬಿಯನ್ನು ನೆಲಕ್ಕೆ ಬೀಳಿಸುವುದೆ? ಹಿರಿಯ ಮಹಿಳೆ ನಕ್ಕರು.

“ನೆಲಕ್ಕೆ ಬಿದ್ದ ಗುಂಡು ಎಲ್ಲಿಗೂ ಹೋಗುವುದಿಲ್ಲ, ಆಮೇಲೆ ಆರಿಸಿಕೊಳ್ಳಬಹುದು. ಬಿದ್ದುಹೋದ ಸೆಕೆಂಡನ್ನು ಆರಿಸಿಕೊಳ್ಳುವವರನ್ನು ಮಾತ್ರ ನಾನು ಕಂಡಿಲ್ಲ. ಹೇಗೂ ಓಡಲೇಬೇಕಾದ ನಾಲ್ಕು ಹೆಜ್ಜೆಗಳಲ್ಲಿ ಬದಲಾಯಿಸಿದರೆ ಅದಕ್ಕೆ ಬೇರೆ ವೇಳೆ ಬೇಡ. ಉಳಿದ ಐದು ಗುಂಡುಗಳು ನಿಮ್ಮ ಆಪದ್ಧನ. ಉಕ್ಕು ಬೀಳದೆ ಹಟ ಹಿಡಿದ ದಿನ ಅದರ ಬೆಲೆ ತಿಳಿಯುತ್ತದೆ.”

ಕೊನೆಯದು ಎಲ್ಲಕ್ಕಿಂತ ಕಷ್ಟವಾದುದು. ಯೋಜನೆ ಸಿದ್ಧವಾದ ಮೇಲೆ ಕಣ್ಣು ಮುಚ್ಚಿ, ಆರಂಭದಿಂದ ಅಂತ್ಯದವರೆಗೆ ಅದನ್ನು ನೋಡಬೇಕು. ‘ಕಿಟಕಿ, ಆಮೇಲೆ ಗೋಡೆ’ ಎಂದು ಬಾಯಿಪಾಠ ಮಾಡಿದರೆ ಸಾಲದು. ಎಡಗಾಲು ಯಾವ ಕಲ್ಲಿನ ಪಕ್ಕದಲ್ಲಿ, ಮೊದಲು ಕಾಣುವ ರಟ್ಟು ಯಾವುದು, ಅದರ ಮೇಲೆ ಕಣ್ಣು ನೆಡಬೇಕಾದ ಬೊಟ್ಟಿನಷ್ಟು ಜಾಗ ಯಾವುದು, ಅಲ್ಲಿಂದ ಕಾಲು ಕೀಳುವ ಮುನ್ನ ಕೊನೆಯದಾಗಿ ಹೊಡೆಯುವುದು ಯಾವುದು, ಎಲ್ಲವೂ ಮುಚ್ಚಿದ ಕಣ್ಣಿಗೆ ಕಾಣಬೇಕು. ಎಲ್ಲಿ ಚಿತ್ರ ಮಸಕಾಗುವುದೋ ಅಲ್ಲಿಗೆ ಮತ್ತೆ ನಡೆದು ಹೋಗಿ ನೋಡಿಬರಬೇಕು. ತಡೆಯಿಲ್ಲದೆ ಮೂರು ನಾಲ್ಕು ಬಾರಿ ಓಡಿದ ಮೇಲೆ ಆ ಯೋಜನೆಯನ್ನು ಮುಟ್ಟಬಾರದು. ಇಂದ್ರನ ಯೋಜನೆ ಕಂಡರೂ ಬದಲಾಯಿಸಬಾರದು.

ಏಕೆ ಇಷ್ಟು ಪರಿಪಾಟಲು? ಬೀಪ್ ಎಂದ ಮೇಲೆ ಮನಸ್ಸಿಗೆ ಒಂದೇ ಕೆಲಸ ಮಾಡಲು ಶಕ್ತಿಯಿರುತ್ತದೆ. ‘ಮುಂದೆ ಎಲ್ಲಿಗೆ?’ ಎಂಬ ಚಿಂತೆಗೆ ಅದನ್ನು ಕೊಟ್ಟರೆ ಗುರಿಗೆ ಉಳಿಯುವುದಿಲ್ಲ. ದ್ರೋಣರ ಪರೀಕ್ಷೆಯಲ್ಲಿ ಅರ್ಜುನನಿಗೆ ಹಕ್ಕಿಯ ಕಣ್ಣು ಮಾತ್ರ ಕಂಡಿತೆಂದು ಮಕ್ಕಳಿಗೂ ಗೊತ್ತು. ಆದರೆ ಇಲ್ಲಿ ಹಕ್ಕಿಗಳು ಹನ್ನೊಂದು, ಬೇರೆಬೇರೆ ಕೊಂಬೆಗಳಲ್ಲಿ. ಇಲ್ಲಿಯ ಅರ್ಜುನನು ಮೊದಲು ಇಡೀ ಮರವನ್ನು, ಎಲೆಯೆಲೆಯನ್ನೂ ನೋಡಿಕೊಳ್ಳಬೇಕು. ಆಮೇಲೆಯೇ ಮರವನ್ನು ಮರೆತು ಕಣ್ಣನ್ನು ಕಾಣುವ ಅಧಿಕಾರ ಅವನಿಗೆ ಬರುತ್ತದೆ.

ಇಪ್ಪತ್ತೈದು ಸೆಕೆಂಡು

ಒಂದೇ ದಿನದಲ್ಲಿ ಇದು ಕೈಗೆ ಹತ್ತುವ ವಿದ್ಯೆಯಲ್ಲ. ಮುಂದಿನ ಎರಡು ಪಂದ್ಯಗಳಲ್ಲಿ ಹೊಸಬನು ಒಮ್ಮೆ ಎಣಿಕೆ ತಪ್ಪಿದನು, ಒಮ್ಮೆ ಕೊನೆಯ ಗಳಿಗೆಯಲ್ಲಿ ಯೋಜನೆ ಬದಲಾಯಿಸಿ ಕೆಟ್ಟನು. ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಮೇಜು ಕುರ್ಚಿಗಳ ನಡುವೆ ಬರಿಗೈ ಚಾಚಿ ನಡೆಯುವ ಗೃಹಸ್ಥನನ್ನು ಕಂಡು ಮಡದಿ ಮಕ್ಕಳು ನಕ್ಕರು. ನಗಲಿ, ಕಲಿಯುವವನಿಗೆ ನಾಚಿಕೆ ಸಲ್ಲದು.

ಮೂರು ತಿಂಗಳ ಮೇಲೆ ಅದೇ ಬಯಲಿನಲ್ಲಿ ಮತ್ತೆ ಅಂಥದೇ ಒಂದು ಮನೆ. ಮತ್ತೆ ೨೪ ಗುಂಡುಗಳ ಕೆಲಸ. ಹ‌ೊಸಬನು ಈ ಬಾರಿ ಯಾರ ಬೆನ್ನನ್ನೂ ಹತ್ತಲಿಲ್ಲ. ಎಣಿಸಿದನು, ಇಪ್ಪತ್ತೆರಡು ಬಂದಿತು. ಮುಂದಕ್ಕೆ ನಡೆದು ಪೀಪಾಯಿಯ ಹಿಂದೆ ಅಡಗಿದ್ದ ರಟ್ಟಿನ ಬಳಿ ನಿಂತು ಹಿಂದಿರುಗಿ ನೋಡಿದನು, ಇಪ್ಪತ್ತನಾಲ್ಕು ತಾಳೆಯಾಯಿತು. ಎಡದಿಂದ ಬಲಕ್ಕೆ ನಾಲ್ಕು ನಿಲುಗಡೆ, ನಡುವಣ ಓಟಗಳಲ್ಲಿ ಮೂರು ಡಬ್ಬಿ. ಕಣ್ಣು ಮುಚ್ಚಿದನು.

ಅವನಿಗಿಂತ ಮೊದಲು ಹೊಡೆದವನು ಅದೇ ಚುರುಕು ಯುವಕ. ಅವನು ಬಲಗಡೆಯಿಂದ ಆರಂಭಿಸಿ ಕಣ್ಣು ಕೋರೈಸುವಂತೆ ಮುಗಿಸಿದನು. ನೋಡುವವರು ಚಪ್ಪಾಳೆ ತಟ್ಟಿದರು. ಹೊಸಬನ ಮನಸ್ಸು ಒಂದು ಗಳಿಗೆ ಹೊಯ್ದಾಡಿತು. ಬಲಗಡೆಯಿಂದ ಹೋದರೆ ಎರಡು ಸೆಕೆಂಡು ಉಳಿಯುವುದಲ್ಲವೆ? ಉಳಿಯಬಹುದು, ಉದ್ದ ಡಬ್ಬಿಯವನಿಗೆ. ಹೊಸಬನು ಬೇರೆ ಕಡೆಗೆ ಮುಖ ತಿರುಗಿಸಿ, ತನ್ನ ಚಿತ್ರವನ್ನು ಮತ್ತೊಮ್ಮೆ ಮೊದಲಿನಿಂದ ನೋಡಿಕೊಂಡನು.

ಬೀಪ್.

ಈ ಬಾರಿ ಹಲಗೆ ಬರಿದಾಗಲಿಲ್ಲ. ಕಾಲು ತಾನಾಗಿಯೇ ಕಿಟಕಿಯ ಬಳಿಯ ಕಲ್ಲಿಗೆ ಹೋಯಿತು. ಮೂರು ರಟ್ಟು, ಆರು ಗುಂಡು. ಓಡುತ್ತ ಕೈ ತಾನಾಗಿಯೇ ಸೊಂಟದ ಡಬ್ಬಿಗೆ ಹೋಯಿತು. ಬೆರಳು ಕುದುರೆಯಿಂದ ದೂರ ನಿಂತಿತು. ನಳಿಗೆ ದಿಬ್ಬವನ್ನೇ ನೋಡಿತು. ಗೋಡೆಯ ಬಳಿ ಉಕ್ಕಿನ ಫಲಕ ಮೊದಲ ಹೊಡೆತಕ್ಕೆ ಅಲುಗಿತು, ಬೀಳಲಿಲ್ಲ. ಎರಡನೆಯದಕ್ಕೂ ಬೀಳಲಿಲ್ಲ. ಎದೆ ಒಮ್ಮೆ ಡವಗುಟ್ಟಿತು. ಆದರೆ ಪಿಸ್ತೂಲಿನಲ್ಲಿ ಆಪದ್ಧನವಿತ್ತು. ಮೂರನೆಯದನ್ನು ಅವಸರವಿಲ್ಲದೆ, ನೋಡಿ ಹೊಡೆದನು. ಫಲಕ ಉರುಳಿತು, ತೂಗುವ ರಟ್ಟು ಎಡಕ್ಕೆ ಬಂದು ಕ್ಷಣ ಕಾಲ ನಿಂತಾಗ ಎರಡು ಗುಂಡು ನಾಟಿದವು. ಬಾಗಿಲು. ಮುಂದಿನ ತುದಿ. ಬಿಳಿಯ ಹಲಗೆ ಅರ್ಧ ಮರೆಮಾಡಿದ್ದ ಕೊನೆಯ ಗುರಿಗೆ ಮಾತ್ರ ಒಂದು ಉಸಿರು ಹೆಚ್ಚು ಕಾದನು.

ಇಪ್ಪತ್ತೈದು ಸೆಕೆಂಡು. ತಪ್ಪಿದ ಗುಂಡಿಲ್ಲ, ಮರೆತ ಗುರಿಯಿಲ್ಲ, ದಂಡವಿಲ್ಲ. ಅಂಕ ನೂರು. ಲಬ್ಧ ೪. ತನ್ನ ವರ್ಗದ ಮುಂದಾಳುಗಳ ಅರ್ಧದಷ್ಟು ಮಾತ್ರ. ಆದರೆ ತನ್ನದೇ ಹಳೆಯ ಲೆಕ್ಕಕ್ಕಿಂತ ಹೆಚ್ಚುಕಡಿಮೆ ಐದು ಪಟ್ಟು. ಕೈ ಅದೇ, ಕಣ್ಣು ಅದೇ, ಪಿಸ್ತೂಲೂ ಅದೇ. ಈ ನಡುವೆ ಅವನು ಹೊಸದಾಗಿ ಕೊಂಡುಕೊಂಡದ್ದು ಏನೂ ಇರಲಿಲ್ಲ. ಐದು ನಿಮಿಷಗಳನ್ನು ಖರ್ಚು ಮಾಡುವ ಬಗೆಯನ್ನಷ್ಟೇ ಕಲಿತಿದ್ದನು.

“ಓಡಿದ್ದು ನೆನಪಿದೆಯೆ?” ಎಂದು ಕೇಳಿದರು ಹಿರಿಯ ಮಹಿಳೆ.

ಹೊಸಬನು ಯೋಚಿಸಿದನು. ರಟ್ಟಿನ ನಡುವಣ ಜಾಗಗಳು ಒಂದೊಂದಾಗಿ ನೆನಪಿದ್ದವು. ಯೋಜನೆಯ ನೆನಪೇ ಬರಲಿಲ್ಲ. ಅದನ್ನು ನೆನೆಯುವ ಅಗತ್ಯವೇ ಬಿದ್ದಿರಲಿಲ್ಲ. ಅವರು ತಲೆದೂಗಿ, ಅಂಟುಕಾಗದದ ಸುರುಳಿಯನ್ನು ಅವನ ಕೈಗಿತ್ತರು. ಮುಂದಿನವರ ಸರದಿಗೆ ಮುನ್ನ ತೂತುಗಳನ್ನು ಮುಚ್ಚಬೇಕಲ್ಲ!

ಅಂದು ತಂಡದಲ್ಲಿ ಮೊದಲ ಪಂದ್ಯಕ್ಕೆ ಬಂದ ತರುಣನೊಬ್ಬನಿದ್ದನು. ಅವನು ಅಳುಕುತ್ತ ಹತ್ತಿರ ಬಂದು, “ನೀವು ಹೋದ ದಾರಿಯಲ್ಲಿಯೇ ನಾನೂ ಹೋಗಬಹುದೆ?” ಎಂದು ಕೇಳಿದನು.

ಲೆಕ್ಕಿಗನು ಕೂಡಲೆ ಉತ್ತರ ಹೇಳಲಿಲ್ಲ. ಹಲಗೆಯ ಕೊನೆಯ ತೂತಿಗೆ ಕಾಗದ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಹೇಳಿದನು:

“ಮೊದಲು ಹೇಳಿ, ನಿಮ್ಮ ಡಬ್ಬಿಯಲ್ಲಿ ಎಷ್ಟು ಗುಂಡುಗಳಿವೆ?”